ಉರಿಯುವ ಬತ್ತಿ

ಪುಣೆಯ ಯೆರವಡಾದ ಆಫೀಸಿನಲ್ಲಿ ನಾನು ಒಂದು ವಿಡಿಯೊ ಗೇಮಿಗಾಗಿ ಹಳೆಯ ಕಾಲದ ಬತ್ತಿ ಬಂದೂಕನ್ನು ರೂಪಿಸುತ್ತಿದ್ದೆ. ಅಂಥ ಬಂದೂಕಿಗೆ ಮದ್ದು ತುಂಬುವ ಮೊದಲು ಉರಿಯುವ ಬತ್ತಿಯನ್ನು ಬಿಚ್ಚಿ ಎಡಗೈಯಲ್ಲಿ ದೂರ ಹಿಡಿಯಬೇಕು. ಒಂದು ಗುಂಡು ತುಂಬಲು ಅರ್ಧ ನಿಮಿಷ ಬೇಕು.

“ಆಡೋರಿಗೆ ಬ್ಯಾಸರಾಗ್ತದ. ನಾಕ್ ಸೆಕೆಂಡ್ ಮಾಡ್ರಿ,” ಎಂದರು ಬೆಳಗಾವಿ ಕಡೆಯ ನಮ್ಮ ಮುಖ್ಯಸ್ಥರು.

“ಬತ್ತಿ ಬಿಚ್ಚಾಕ ಟೈಮ್ ಸಿಗೂದಿಲ್ರಿ, ಮದ್ದು ಸಿಡೀತದ,” ಎಂದೆ.

“ಗೇಮಿನ್ಯಾಗ ಅದನ್ಯಾರು ನೋಡ್ತಾರ್ರಿ?”

ಸರಿ, ನಾಲ್ಕೇ ಸೆಕೆಂಡು ಮಾಡಿದೆ. ಬತ್ತಿಯನ್ನು ಮಾತ್ರ ಬಿಚ್ಚದೆ ಬಂದೂಕಿನಲ್ಲೇ ಉರಿಯಲು ಬಿಟ್ಟೆ. ಮರುದಿನ ಎಲ್ಲರೆದುರು ಅವರೇ ಆಡಲು ಕೂತರು. ಮೊದಲ ಗುಂಡು ಹಾರಿಸಿ ಮತ್ತೆ ಮದ್ದು ಸುರಿಯುತ್ತಿದ್ದಂತೆ ಬಂದೂಕು ಸಿಡಿದು ಅವರ ಸೈನಿಕ ಸತ್ತುಬಿದ್ದ. ಅವರು ನನ್ನತ್ತ ತಿರುಗಿದರು.

“ಯಾರು ನೋಡ್ತಾರ ಅಂದಿದ್ರಲ್ಲ, ನಾ ನೋಡ್ತೀನ್ರಿ,” ಎಂದೆ.