ಒದ್ದೆ ತಲೆಯ ಜಪಾನಿನವಳು

ಅವತ್ತು ನಮ್ಮ ಮನೆಗೆ ಯಾವ ದೆವ್ವವೂ ಬರಲಿಲ್ಲ. ಮೊಮ್ಮಗಳು ಸಿನಿಮಾ ನೋಡಿ ಹೆದರಿದಳು, ನಾನು ಹೆದರಲಿಲ್ಲ. ನಡೆದದ್ದು ಅಷ್ಟೇ. ಸೊಸೆ ಇವತ್ತಿಗೂ ಅದನ್ನು ದೊಡ್ಡದು ಮಾಡಿ ಹೇಳುತ್ತಾಳೆ.

ಆಗ ನಾವು ಮದರಾಸಿನ ತ್ರಿಪ್ಲಿಕೇನ್‌ನಲ್ಲಿದ್ದೆವು. ಮೊಮ್ಮಗಳು ಒಂಬತ್ತನೇ ಕ್ಲಾಸು, ಪರೀಕ್ಷೆ ಮುಗಿದ ರಜೆ. ಬೀದಿ ಕೊನೆಯ ಅಂಗಡಿಯಿಂದ ಎರಡು ಸಿ.ಡಿ. ಬಾಡಿಗೆಗೆ ತಂದಳು. ಕಥೆ ಒಂದೇ. ಮೊದಲು ಜಪಾನಿನವರು ತೆಗೆದದ್ದು, ಆಮೇಲೆ ಅದನ್ನೇ ಅಮೆರಿಕದವರು ತೆಗೆದದ್ದು. ಯಾವುದು ಜಾಸ್ತಿ ಹೆದರಿಸುತ್ತೆ ಅಂತ ಅವಳಿಗೂ ಸ್ನೇಹಿತೆಗೂ ಜಗಳವಂತೆ. ಮಧ್ಯಾಹ್ನ ಊಟ ಆದ ಮೇಲೆ ಕಿಟಕಿ ಮುಚ್ಚಿ ಕೂತೆವು. ನಾನು ಓದಿದ್ದು ಮೂರನೇ ಕ್ಲಾಸು. ಮೊಮ್ಮಗಳು ಪರದೆ ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಓದಿ ಹೇಳಲು ಹೊರಟಳು. "ಸುಮ್ಮನಿರು, ನನಗೆ ಕಣ್ಣಿದೆ" ಅಂದೆ.

ಜಪಾನಿನವರು, ಅಬ್ಬ, ಏನು ಕೆಲಸಗಾರರು! ಒಂದು ಹಳೇ ಮನೆ, ನಲ್ಲಿ ತೊಟ್ಟಿಕ್ಕುವ ಸದ್ದು, ಹಾಸಿಗೆ ಮಡಿಸುವ ತಾಯಿ. ಇಷ್ಟೇ ಇಟ್ಟುಕೊಂಡು ಅರ್ಧ ಗಂಟೆ ಉಸಿರು ಹಿಡಿಸಿದರು. ಆಮೇಲೆ ಬಚ್ಚಲಿಂದ ಒಬ್ಬಳು ಬಂದಳು. ಬಿಳೀ ಬಟ್ಟೆ, ಮೈಯೆಲ್ಲ ಒದ್ದೆ, ಕೂದಲು ಮುಖದ ಮೇಲೆ. ಯಾರನ್ನೂ ಮುಟ್ಟದೆ, ಮಾತಾಡದೆ ಗೋಡೆ ಪಕ್ಕ ನಿಂತಳು. ನಮ್ಮತ್ತೆ ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲಿ ಅಡುಗೆಮನೆಗೆ ಹೋಗುವಾಗ ಹೀಗೇ ನಿಲ್ಲೋರು, ನಾವು ದಾರಿ ಬಿಡೋ ತನಕ. ಸಿನಿಮಾದ ತಾಯಿ ಅವಳ ಕಡೆ ಕೈ ಚಾಚಿದಳು. ನಾನು ಕೂಗಿಬಿಟ್ಟೆ: "ಮುಟ್ಟಬೇಡ ಕಣೇ, ಅವಳು ಮಡೀಲಿದ್ದಾಳೆ!"

"ಅಯ್ಯೋ ಅಜ್ಜಿ, ಮಡಿಯಲ್ಲ, ಅದು ಪೇಯ್! ದೆವ್ವ!" ಮೊಮ್ಮಗಳು ಬಿದ್ದು ಬಿದ್ದು ನಕ್ಕಳು.

ದೆವ್ವ ಅಂತ ಗೊತ್ತಾದ ಮೇಲೂ ನನಗೆ ಅನ್ನಿಸಿದ್ದು ಒಂದೇ: ಆ ತಲೆ ಒರೆಸುವವರು ಯಾರೂ ಇಲ್ಲವಲ್ಲ. ಯಾಕೆ ಬಂದಳು ಅಂತ ಕೊನೆವರೆಗೂ ಹೇಳಲಿಲ್ಲ. ಹೇಳದೆ ಬಿಟ್ಟದ್ದೇ ಚೆಂದ.

ಅಮೆರಿಕದ್ದು ಕೆಟ್ಟದ್ದು ಅನ್ನೋಲ್ಲ. ಅದರಲ್ಲಿ ಒಂದು ಮಗು ಪಾಪ ಚೆನ್ನಾಗಿ ಅತ್ತಿತು. ಆದರೆ ಹೆಜ್ಜೆಗೊಂದು ಸಲ ಪಾತ್ರೆ ಬೀಳಿಸಿದ ಹಾಗೆ ಸದ್ದು. ದೆವ್ವ ಯಾರ ಮಗಳು, ಯಾವ ಊರು, ಯಾವ ಆಸ್ಪತ್ರೆ, ಎಲ್ಲಾ ವಿಚಾರಿಸಿದರು. "ಅಲ್ಲಿ ದೆವ್ವಕ್ಕೂ ರೇಷನ್ ಕಾರ್ಡ್ ಕೇಳ್ತಾರೇನೇ?" ಅಂದೆ. ಮೊಮ್ಮಗಳು ನಗಲಿಲ್ಲ. ನಮ್ಮ ಬಚ್ಚಲ ಬಾಗಿಲ ಕಡೆ ನೋಡುತ್ತಿದ್ದಳು.

ಮಾರನೇ ದಿನ ಶುಕ್ರವಾರ, ಎಣ್ಣೆನೀರಿನ ದಿನ. ಸಿನಿಮಾ ನೋಡಿದ ಸಂಜೆಯೇ, ಸೊಸೆ ಆಫೀಸಿನಿಂದ ಬಂದ ಕೂಡಲೇ ಹುಡುಗಿ ಶುರು ಮಾಡಿದಳು: "ನಾಳೆ ತಲೆಗೆ ನೀರು ವೇಣಾಂ, ಬೇಡವೇ ಬೇಡ. ಸೀಗೆಪುಡಿ ಹಾಕಿದ್ರೆ ಕಣ್ಣು ಮುಚ್ಚಬೇಕು, ಕೂದಲು ಮುಂದೆ ಬೀಳತ್ತೆ. ಕತ್ತರಿಸಿಬಿಡಮ್ಮಾ."

ಸೊಂಟದ ಕೆಳಗಿಳಿಯುವ ಕೂದಲು. ಎಣ್ಣೆ ತಿಕ್ಕಿ ಬೆಳೆಸಿದ್ದು ಈ ಕೈ.

"ನೀವೂ ಜೊತೇಲಿ ಕೂತು ನೋಡಿದ್ರಲ್ಲ ಅತ್ತೆ!" ಸೊಸೆ ರೇಗಿದಳು. "ನಾಳೆ ಸಂಜೆ ಪಾರ್ಲರ್‌ಗೆ ಕರ್ಕೊಂಡು ಹೋಗಿ ಕತ್ತರಿಸಿಬಿಡ್ತೀನಿ, ಪೀಡೆ ಕಳೀತು."



ಬೆಳಗ್ಗೆ ಹುಡುಗಿಯನ್ನು ನೀರಿಗೆ ಕರೆಯಲಿಲ್ಲ. ನಾನೇ ತಲೆಗೆ ನೀರು ಹಾಕಿಕೊಂಡು, ನರೆಗೂದಲು ಮುಖದ ಮೇಲೆ ಇಳಿಬಿಟ್ಟು, ಬಚ್ಚಲ ಬಾಗಿಲಲ್ಲಿ ನಿಂತೆ. "ಅಜ್ಜೀ!" ಅಂತ ಕಿರುಚಿದಳು.

"ಕಿರುಚಿದ್ದು ಸಾಕು. ನೀರು ಸೋರ್ತಿದೆ, ಟವಲ್ ತಂದು ಒರೆಸು."

ಬಂದಳು. ಒರೆಸಿದಳು, ಸಾಂಬ್ರಾಣಿ ಹೊಗೆ ಹಿಡಿದಳು, ಸಿಕ್ಕು ಬಿಡಿಸಿದಳು. "ಇಷ್ಟೇನಾ ಅಜ್ಜಿ ನಿನ್ನ ಕೂದಲು? ಇಲಿ ಬಾಲ!" ಅಂದಳು. ಆಮೇಲೆ ಬಚ್ಚಲ ಬಾಗಿಲು ಪೂರ್ತಿ ತೆರೆದಿಟ್ಟು, ಅವಳನ್ನು ಮಣೆ ಮೇಲೆ ಕೂರಿಸಿ, ಎಣ್ಣೆ ಬಿಸಿ ಮಾಡಿ ನೆತ್ತಿಗೆ ಹಚ್ಚಿದೆ.