ಹಿಂದಿನ ನೆರಿಗೆ ಮತ್ತು ಮಾಕುಟ್ಟದ ಹೊಳೆ

ಕೊರೊನಾ ಮುಗಿದು ತರಗತಿಗಳು ಮತ್ತೆ ಸರಿಯಾಗಿ ನಡೆಯತೊಡಗಿದ್ದ ದಿನಗಳು. ನಾನು ಮೈಸೂರಿನ ಕಾಲೇಜೊಂದರಲ್ಲಿ ಸಿನಿಮಾ ಮತ್ತು ಟಿವಿಗಾಗಿ ವಸ್ತ್ರವಿನ್ಯಾಸ ಓದುತ್ತಿದ್ದೆ. ಕೊನೆಯ ವರ್ಷದಲ್ಲಿ ನಾವೆಲ್ಲ ಒಂದೊಂದು ಡಿಪ್ಲೊಮಾ ಚಿತ್ರದ ಉಡುಪಿನ ಹೊಣೆ ಹೊರಬೇಕಿತ್ತು. ನಿರ್ದೇಶನ ಓದುತ್ತಿದ್ದ ಗೆಳೆಯ ವಿನಯ್ ತನ್ನ ಚಿತ್ರಕ್ಕೆ ಕೊಡಗಿನ ಕಥೆಯೊಂದನ್ನು ಆರಿಸಿಕೊಂಡಿದ್ದ. ನಾನೂ ಕೊಡಗಿನ ಮೂರ್ನಾಡಿನವಳೆಂಬ ಕಾರಣಕ್ಕೆ ಆ ಚಿತ್ರ ನನ್ನ ಪಾಲಿಗೆ ಬಂತು.

ನಾಯಕಿಯ ಪಾತ್ರ ದೇಚಮ್ಮನದು. ಆಕೆ ವಿರಾಜಪೇಟೆಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ನಮಗಿಂತ ದೊಡ್ಡವಳು, ಹಾಗಾಗಿ ನನಗೆ ಅಕ್ಕ. ಕಥೆಯಲ್ಲಿ ಅವಳು ಮದುವೆಮನೆಯಿಂದ ಹೊರಟು ಬರುವ ಹೆಣ್ಣು. ಉಟ್ಟದ್ದು ಕೊಡವ ಶೈಲಿಯ ಕೆಂಪು ರೇಷ್ಮೆ ಸೀರೆ. ಈ ಉಡುಗೆಯಲ್ಲಿ ನೆರಿಗೆ ಮುಂದಿರುವುದಿಲ್ಲ, ಬೆನ್ನ ಕಡೆ ಬರುತ್ತದೆ. ಸೆರಗು ಎದೆಯನ್ನು ಬಳಸಿ ಬಲ ಭುಜದ ಮೇಲೆ ನಿಲ್ಲುತ್ತದೆ. ಮನೆಯಲ್ಲಿ ಉಡುವಾಗ ಒಂದೆರಡು ಪಿನ್ನು ಸಾಕು. ಶೂಟಿಂಗ್‌ನಲ್ಲಿ ಹಾಗಾಗದು. ಒಂದು ಶಾಟಿನಲ್ಲಿ ಇದ್ದ ನೆರಿಗೆ ಮುಂದಿನ ಶಾಟಿನಲ್ಲೂ ಹಾಗೇ ಕಾಣಬೇಕು. ಕಂಟಿನ್ಯುಯಿಟಿ ಎನ್ನುವುದು ಇದಕ್ಕೇ. ಅದಕ್ಕಾಗಿ ನಾನು ನೆರಿಗೆಗಳನ್ನು ಒಳಲಂಗಕ್ಕೆ ಸೇರಿಸಿ ಭದ್ರವಾಗಿ ಪಿನ್ ಮಾಡಿದ್ದೆ. ನಮ್ಮ ಮೇಡಂ ಕಲಿಸಿದ್ದೂ ಹಾಗೆಯೇ.

ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಹೋಗುವ ದಾರಿಯಲ್ಲಿ ಪರಿಚಯದವರ ತೋಟದಂಚಿಗೆ ಒಂದು ಹೊಳೆ, ಶೂಟಿಂಗ್ ಅಲ್ಲೇ. ಮಳೆಗಾಲ ಕಳೆದು ನೀರು ತಿಳಿಯಾಗಿತ್ತು, ಆದರೆ ಸೆಳೆತ ಇತ್ತು. ದೇಚಮ್ಮ ದಡದಲ್ಲಿ ನಿಂತು ಆಚೆ ನೋಡುವುದಷ್ಟೇ ಅಂದಿನ ದೃಶ್ಯ. ಸಂಜೆಯ ಬಿಸಿಲು ನೀರಿನ ಮೇಲೆ ಬಿದ್ದದ್ದನ್ನು ಕಂಡು ವಿನಯ್ ಮನಸ್ಸು ಬದಲಿಸಿದ.

"ನಿಲ್ಲೋದು ಬೇಡ, ದಾಟಿಕೊಂಡು ಹೋಗ್ಲಿ."

"ನೀರಿಗಾದ್ರೆ ಬೇರೆ ಥರ ಉಡಿಸ್ಬೇಕು. ಸ್ವಲ್ಪ ಹೊತ್ತು ಕೊಡು," ಎಂದೆ.

"ಅಷ್ಟರಲ್ಲಿ ಬೆಳಕು ಹೋಗಿರುತ್ತೆ."

ದೇಚಮ್ಮ ನಕ್ಕಳು. "ಎಂತ ಹೆದರ್ತೀಯ ಮಾರಾಯ್ತಿ? ಸಣ್ಣದಿರುವಾಗಿಂದ ಹೊಳೇಲೇ ಈಜಿದವಳು ನಾನು."

ಅವಳ ನಗು ಕಂಡು ನಾನು ಒಪ್ಪಿಕೊಂಡೆ. ಆದರೆ ಅವಳು ನೀರಿಗೆ ಕಾಲಿಟ್ಟ ಕೂಡಲೇ ನನ್ನ ಪಿನ್ನು-ಕತ್ತರಿಗಳ ಪೆಟ್ಟಿಗೆ ಹಿಡಿದು ನೀರಂಚಿಗೆ ಬಂದು ನಿಂತೆ. ನನಗೆ ಈಜು ಬರುವುದಿಲ್ಲ. ಹೊಳೆಯೆಂದರೆ ಚಿಕ್ಕಂದಿನಿಂದಲೂ ಭಯ.

ನಡುಮಟ್ಟದ ನೀರಿನವರೆಗೂ ಎಲ್ಲ ಸರಿಯಿತ್ತು. ಆಮೇಲೆ ಸೀರೆ ನೀರು ಕುಡಿದು ಭಾರವಾಯಿತು. ಅವಳ ನಡಿಗೆ ನಿಧಾನವಾದದ್ದನ್ನು ಕ್ಯಾಮೆರಾದ ಹಿಂದಿದ್ದವರು ಅಭಿನಯವೆಂದುಕೊಂಡರು. ಅವಳು ಒಮ್ಮೆ ಹಿಂದಕ್ಕೆ ಕೈ ಹಾಕಿದಳು. ಕೈಗೆ ಏನೂ ಸಿಗಲಿಲ್ಲ. ಮತ್ತೆ ಹಾಕಿದಳು. ಅಷ್ಟರಲ್ಲಿ ಕಾಲು ಜಾರಿ ಮುಖ ನೀರೊಳಗೆ ಹೋಯಿತು.

"ಅಕ್ಕನಿಗೆ ಏನೋ ಆಗಿದೆ!" ಎಂದು ಕೂಗಿದೆ. ವಿನಯ್ ಹಾರಿ ಹೋಗಿ ಅವಳ ತಲೆಯನ್ನು ಮೇಲಕ್ಕೆ ಹಿಡಿದ, ಆದರೂ ಸೆಳೆತಕ್ಕೆ ಅದು ಮತ್ತೆ ಮತ್ತೆ ಮುಳುಗುತ್ತಿತ್ತು. ಎಳೆದರೂ ಅವಳು ಬರಲಿಲ್ಲ. ನೀರೊಳಗಿನ ಯಾವುದೋ ಮರದ ಬೇರಿಗೆ ಹಿಂದಿನ ನೆರಿಗೆ ಸಿಕ್ಕಿಕೊಂಡಿತ್ತು. ಸೆಳೆತ ಅವಳನ್ನು ಮುಂದಕ್ಕೆ ಒತ್ತುತ್ತಿತ್ತು, ಸೀರೆ ಹಿಂದಕ್ಕೆ ಜಗ್ಗುತ್ತಿತ್ತು. ಈಜು ಬಲ್ಲವಳ ತೋಳಿನ ಬಲ ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

"ಎಲ್ಲಿ ಬಿಚ್ಚೋದು ಇದನ್ನ? ಎಲ್ಲಿ?" ವಿನಯ್ ಅರಚುತ್ತಿದ್ದ.

ಅದು ಗೊತ್ತಿದ್ದವಳು ನಾನೊಬ್ಬಳೇ. ದಡದಿಂದ ಹೇಳಿ ತಿಳಿಸುವಂಥದ್ದಾಗಿರಲಿಲ್ಲ. ಕತ್ತರಿ ಹಿಡಿದು ನೀರಿಗಿಳಿದೆ. ಧೈರ್ಯ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಹೆಜ್ಜೆ ಹೆಜ್ಜೆಗೂ ಕಾಲಡಿಯ ಕಲ್ಲು ಜಾರುತ್ತಿತ್ತು. ಕ್ಯಾಮೆರಾ ಹುಡುಗ ಹಿಂದಿನಿಂದ ನನ್ನ ದುಪಟ್ಟಾ ಬಿಗಿಯಾಗಿ ಹಿಡಿದುಕೊಂಡು ಬಂದ. ನೀರು ನನ್ನ ಎದೆಗೆ ಬರುವಷ್ಟರಲ್ಲಿ ಅವಳನ್ನು ತಲುಪಿದೆ.

ಭುಜದ ಪಿನ್ನನ್ನು ಬಿಚ್ಚಲು ನೋಡಿದೆ. ಬೆರಳು ಮರಗಟ್ಟಿ ಮಾತು ಕೇಳಲಿಲ್ಲ. ಸೆರಗನ್ನೇ ಕತ್ತರಿಸಿದೆ. ಬೆನ್ನ ಹಿಂದಿನ ಪಿನ್ನುಗಳನ್ನು ಒಂದೊಂದಾಗಿ ಹುಡುಕುತ್ತಿದ್ದರೆ ಅವಳು ಉಳಿಯುತ್ತಿರಲಿಲ್ಲ. ಆಗ ಹೊಳೆಯಿತು: ನೆರಿಗೆಯೆಲ್ಲ ಲಂಗಕ್ಕೆ ಕಚ್ಚಿಕೊಂಡಿದೆ, ಲಂಗ ನಿಂತಿರುವುದು ಒಂದು ಲಾಡಿಯ ಮೇಲೆ. ಅವಳ ಸೊಂಟ ತಡವಿದೆ. ಕಣ್ಣಿಗೆ ಏನೂ ಕಾಣದು. ಅವಳ ಮೈಗೆ ಕತ್ತರಿ ತಾಗಿದರೆ ಎಂಬ ಹೆದರಿಕೆ ಬೇರೆ. ಲಾಡಿಯ ಕೆಳಗೆ ನನ್ನ ಬೆರಳನ್ನೇ ತೂರಿಸಿ, ಬೆರಳಿಗೆ ತಾಗಿಸಿಕೊಂಡೇ ಕತ್ತರಿಸಿದೆ. ಸೀರೆ, ಲಂಗ ಎರಡೂ ಒಟ್ಟಿಗೆ ಕಳಚಿ ಬೇರಿನ ಕಡೆ ಹೋದವು. ವಿನಯ್ ಅವಳನ್ನು ದಡಕ್ಕೆ ಎಳೆದ.

ದಡದಲ್ಲಿ ಅವಳು ಅಲುಗಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ವಿನಯ್ ಎದೆ ಒತ್ತುತ್ತಾ ಅಳುತ್ತಿದ್ದ. ಕೊನೆಗೆ ಅವಳು ಕೆಮ್ಮಿ ನೀರು ಕಾರಿದಳು. ಜೀಪಿನಲ್ಲಿ ವಿರಾಜಪೇಟೆಯ ಆಸ್ಪತ್ರೆ ಸೇರುವವರೆಗೂ ಅವಳ ಮೂಗಿನ ಹತ್ತಿರ ಕೈ ಹಿಡಿದೇ ಕೂತಿದ್ದೆ. ತಿರುವಿನಲ್ಲಿ ಜೀಪು ವಾಲಿ ಕೈ ಸರಿದಾಗೆಲ್ಲ ಮತ್ತೆ ಅಲ್ಲಿಗೇ ತಂದು ಉಸಿರು ಹುಡುಕುತ್ತಿದ್ದೆ.

ಮರುದಿನ ವಾರ್ಡಿನಲ್ಲಿ ಅವಳು ಎದ್ದು ಕೂತಿದ್ದಳು. ದನಿ ಒಡೆದಿತ್ತು.

"ನಿಂಗೆ ಈಜು ಬರ್ತದಾ?"

"ಇಲ್ಲ ಅಕ್ಕ."

"ಮತ್ತೆ ಎಂತಕ್ಕೆ ಇಳಿದದ್ದು?"

"ಉಡಿಸಿದವಳು ನಾನಲ್ವಾ."

ಅವಳು ಬಟ್ಟೆ ಸುತ್ತಿದ್ದ ನನ್ನ ಬೆರಳನ್ನು ಹಿಡಿದುಕೊಂಡಳು.

ಈಗ ಧಾರಾವಾಹಿಗಳಿಗೆ ವಸ್ತ್ರವಿನ್ಯಾಸ ಮಾಡುತ್ತೇನೆ. ಉಡುಪು ಪಾತ್ರದ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ಕಾಲೇಜು ಚೆನ್ನಾಗಿ ಕಲಿಸಿತ್ತು. ಅದರೊಳಗೆ ಉಸಿರಾಡುವ ಒಬ್ಬರಿದ್ದಾರೆ ಎಂಬುದನ್ನು ನಾನು ಕಲಿತದ್ದು ಹೊಳೆಯಲ್ಲಿ. ನೀರು, ಬೆಂಕಿ, ಓಟ ಯಾವುದಿದ್ದರೂ ಕಲಾವಿದರು ಒಂದೇ ಎಳೆತಕ್ಕೆ ಉಡುಪಿನಿಂದ ಹೊರಬರುವಂತೆ ಹೊಲಿಸುತ್ತೇನೆ. ಸ್ಥಳದಲ್ಲೇ ದೃಶ್ಯ ಬದಲಿಸಿದರೆ ಬಟ್ಟೆ ಬದಲಿಸುವವರೆಗೆ ಚಿತ್ರೀಕರಿಸಲು ಬಿಡುವುದಿಲ್ಲ. ಇದರಿಂದ ಕೆಲಸ ಕೈತಪ್ಪಿದ್ದೂ ಉಂಟು.

ಕಳೆದ ತಿಂಗಳು ಹೊಸ ನಟಿಯೊಬ್ಬಳನ್ನು ಉಟ್ಟ ಬಟ್ಟೆಯಲ್ಲೇ ಬಾವಿಗಿಳಿಸುವ ದೃಶ್ಯಕ್ಕೆ ನಾನು ಒಪ್ಪದಿದ್ದಾಗ ನಿರ್ದೇಶಕರು ಸಿಡುಕಿದರು: "ಇಷ್ಟು ಹೆದರಿದ್ರೆ ಈ ಫೀಲ್ಡಲ್ಲಿ ಹೇಗಮ್ಮ ಇರ್ತೀರಾ?"

"ಹೆದರಿಕೊಂಡೇ ಇರ್ತೀನಿ ಸಾರ್," ಎಂದು ಹೇಳಿ, ಆ ಹುಡುಗಿಯನ್ನು ಬಟ್ಟೆ ಬದಲಿಸಲು ಕರೆದುಕೊಂಡು ಹೋದೆ.