ಅಪ್ಪನಿಗೆ ಕೇಳಿಸದ ಕಟಕಟ

ಇವತ್ತು ಬ್ರೂಸ್‌ಪೇಟೆಯ ನನ್ನ ರಿಪೇರಿ ಅಂಗಡಿಗೆ ಬಂದ ಕಂಪ್ಯೂಟರೊಂದು ಕಟಕಟ ಎಂದಿತು. ಹಾರ್ಡ್‌ಡಿಸ್ಕ್ ಸಾಯುವ ಸದ್ದು. "ಮೊದಲು ಫೋಟೋ ಎಲ್ಲಾ ಬ್ಯಾರೆ ಕಡೆ ತಗದಿಡ್ರಿ," ಎಂದೆ ಗಿರಾಕಿಗೆ.

ನನ್ನ ಚಿಕ್ಕಂದಿನಲ್ಲಿ ಸಿರಿಗೇರಿಯ ನಮ್ಮ ಮನೆಯ ಕಂಪ್ಯೂಟರೂ ಹೀಗೇ ಕಟಗುಟ್ಟುತ್ತ ಪದೇ ಪದೇ ಆಫಾಗುತ್ತಿತ್ತು. ತೀರಿಹೋದ ಅವ್ವನ ಫೋಟೋಗಳೆಲ್ಲ ಅದರಲ್ಲೇ ಇದ್ದವು.

"ಅಪ್ಪಾ, ಒಳಗ ಏನೋ ಕಟಕಟ ಅನ್ನಾಕತ್ತೈತಿ," ಎಂದೆ.

ಅಪ್ಪ ಕಂಪ್ಯೂಟರಿನ ಡಬ್ಬಿಗೆ ಮೂರು ಬೆರಳಿನ ವಿಭೂತಿ ಎಳೆದ. "ನಿನ್ನ ಗೇಮಿಂದ ವೈರಸ್ ಬಂದೈತಿ. ಮುಟ್ಟಬ್ಯಾಡ," ಎಂದು ಕೈಗೆ ಹೊಡೆದ.

ಒಂದು ದಿನ ಅದು ಏಳಲೇ ಇಲ್ಲ.

"ನಿಮ್ಮವ್ವನ್ನ ಎರಡನೇ ಸಲ ಕೊಂದಿ," ಎಂದ ಅಪ್ಪ. ನಾನಿನ್ನೂ ನಾಲ್ಕನೇ ತರಗತಿ.

ಗಿರಾಕಿ ಹೋದ ಮೇಲೆ, ಅಂಗಡಿಯಲ್ಲೇ ಕೂತಿದ್ದ ಅಪ್ಪನಿಗೆ ಹೇಳಿದೆ: "ನಮ್ಮದೂ ಇದೇ ಸದ್ದು ಮಾಡತಿತ್ತು."

"ಹೌದೇನು? ಆಗ ಯಾರೂ ಹೇಳಲೇ ಇಲ್ಲಲ್ಲ ನಮಗ," ಎಂದ.